ಈ ಸಲ ಕಾಡು ಬೇಡ, ಕೆರೆಗೆ ಹೋಗೋಣ

ರೀ,

ಬೇಕರಿಯಲ್ಲಿ ಬೆಳಗಿನ ಪಾಳಿ, ನೀವು ಏಳುವ ಮೊದಲೇ ಹೊರಟೆ. ಶನಿವಾರ ಹಕ್ಕಿ ನೋಡಲು ಹೋಗುವುದು ನಿಮ್ಮ ಕಾಡಿಗಲ್ಲ, ಕೆರೆಗೆ. ರೂಮು ಬುಕ್ ಮಾಡಿಯಾಯಿತು. ಮುಖ ಊದಿಸಿಕೊಳ್ಳಬೇಡಿ, ಈಗಿರುವ ಗಾತ್ರವೇ ಸಾಕು.

ಕಾಡಿನಲ್ಲಿ ಹಕ್ಕಿ ಕಾಣುವುದೆಲ್ಲಿ, ಬರೀ ಕೂಗು. ಹೋದ ವಸಂತದಲ್ಲಿ ಅಲ್ಲಿ ನಿಂತು, ಪರೀಕ್ಷೆ ಮಾಡೋಣವೆಂದು "ಕೇಳಿಸ್ತಾ?" ಅಂದೆ. ನೀವು ಕಣ್ಣು ಮುಚ್ಚಿ, "ಆಹಾ, ಎಂಥಾ ಕಂಠ ಕಣೇ!" ಅಂದಿರಿ. ಮಾರಾಯರೇ, ಆಗ ಒಂದು ಹಕ್ಕಿಯೂ ಕೂಗಿರಲಿಲ್ಲ. ಮೊದಲು ನಗು ಬಂತು. ಆಮೇಲೆ ಆ ನಗು ನಿಂತುಹೋಯಿತು.

ಕೆರೆಯಲ್ಲಾದರೆ ಕಣ್ಣಿದ್ದರೆ ಸಾಕು. ಕೊಕ್ಕರೆಗಳು ನಿಮ್ಮ ಅಣ್ಣನ ಹಾಗೆ ಉದ್ದಕ್ಕೆ ನಿಂತಿರುತ್ತವೆ, ಪುಣ್ಯಕ್ಕೆ ಭಾಷಣ ಬಿಗಿಯುವುದಿಲ್ಲ.

ದುರ್ಬೀನು ಬೀರುವಿನ ಮೇಲಿದೆ, ಧೂಳು ಒರೆಸಿಡಿ. ಆ ಕೆಂಪು ಅಂಗಿ ತರಬೇಡಿ. ಹಕ್ಕಿಗಳಿರಲಿ, ಅದನ್ನು ನೋಡಿದರೆ ನನಗೇ ಹಾರಿಹೋಗೋಣ ಅನಿಸುತ್ತದೆ.

ಇನ್ನೊಂದು. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ, ನಾನೂ ಜೊತೆಗೆ ಬರುತ್ತೇನೆ. ಬೇಡವೆಂದು ನೀವು ಎಷ್ಟು ಕೂಗಾಡಿದರೂ ನನಗೆ ಕೇಳಿಸುವುದಿಲ್ಲ.