ಕಿವಿಯ ಕೆಂಪು ನೆತ್ತರು

ಮಾರಕ್ಕತ್ತೆಗೆ, ನಿನ್ನ ಕೈಯಲ್ಲೇ ಬೆಳೆದ ಚಂದ್ರಿಕಾ ಕಾಲಿಗೆರಗಿ ಬರೆಯುವುದು.

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕಿಬಿಡುತ್ತೇನೆ.

ಸೋಮವಾರ ಸಬ್ಬಕ್ಕಿ ಮಿಲ್ಲಿನ ಹಿಂದೆ ಹರವಿದ್ದ ಹಸಿ ಮರಗೆಣಸಿನ ಸಿಪ್ಪೆ ತಿಂದು ನಿನ್ನ ನಾಲ್ಕು ಕುರಿ ಬಿದ್ದಾಗ, ದನದ ಡಾಕ್ಟರ್ ಅಂತ ನನ್ನನ್ನೇ ಕರೆಸಿದರು. ನಾನು ಕಡಯಂಪಟ್ಟಿಯಿಂದ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ನೀನು ಚಾಕುವಿನಿಂದ ಕಿವಿ ಗೀರಿ ನೋಡಿಯಾಗಿತ್ತು. "ನೆತ್ರ ಚೆನ್ನಾಗಿ ಕೆಂಪಗೈತೆ, ಬುಡು. ಕಪ್ಪಾಗಿದ್ರೆ ತಾನೆ ಬಯ. ಸೂಜಿ ಗೀಜಿ ವೇಂಡಾಂ" ಎಂದು ನೀನು ಅಡ್ಡ ನಿಂತೆ. ನಮ್ಮ ಹಟ್ಟಿಯಲ್ಲಿ ಎಲ್ಲರೂ ನಂಬಿರುವುದು ಅದನ್ನೇ. ಈ ವಿಷದಲ್ಲಿ ಮಾತ್ರ ಅದು ತಿರುಗುಮುರುಗು, ಅತ್ತೆ. ಹಸಿ ಮರಗೆಣಸಿನ ಸಯನೈಡ್ ಏರಿದರೆ ಉಸಿರಾಡಿದ ಗಾಳಿಯನ್ನು ಮೈ ಬಳಸಲಾರದು, ಅದಕ್ಕೇ ರಕ್ತ ಕೆಂಪಾಗಿಯೇ ಉಳಿಯುತ್ತದೆ ಎಂದು ಅಲ್ಲೇ ನಿನಗೆ ಹೇಳಿದೆ.

ನಾನು ನಿನ್ನ ಮಾತು ಕೇಳಲಿಲ್ಲ. ಕತ್ತಿನ ನರಕ್ಕೆ ಒಂದಾದ ಮೇಲೊಂದು ಎರಡು ಮದ್ದು ಏರಿಸಿದೆ. ಒಂದು ಕುರಿ ಸೂಜಿ ಚುಚ್ಚುವ ಮೊದಲೇ ಹೋಯಿತು. ಮಿಕ್ಕ ಮೂರು ಎದ್ದು ನಿಂತು, ನಾಚಿಕೆಯಿಲ್ಲದೆ ಮತ್ತೆ ಅದೇ ಸಿಪ್ಪೆಯ ಕಡೆ ಮೂತಿ ಚಾಚಿದವು. ಎಲ್ಲರೂ ನಕ್ಕರು. ನೀನು ಸತ್ತ ಕುರಿಯ ಕಿವಿಯನ್ನೇ ನೋಡುತ್ತಾ, "ಅಂಗಾರೆ ನಮ್ಮ ಭುವನಾ?" ಎಂದು ಕೇಳಿದೆ.

ನಾನು ಮೊರಪ್ಪೂರಿಂದ ಫೋನು ಬಂದಿದೆ ಎಂದು ಸುಳ್ಳು ಹೇಳಿ ಹೊರಟುಬಿಟ್ಟೆ. ಅವತ್ತಿನಿಂದ ಕೂತಲ್ಲಿ ಕೂರಲಾರೆ. ಹಾಲು ಕಾಯಲು ಇಟ್ಟು ಬೀದಿಗೆ ಹೋಗುತ್ತೇನೆ, ಉಕ್ಕಿ ಸೀದ ವಾಸನೆ ಬಂದ ಮೇಲೆ ನೆನಪಾಗುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಮಗಳು ಭುವನಾ ವಾಂತಿ ಮಾಡಿ ನಿನ್ನ ಮಡಿಲಲ್ಲಿ ಮಲಗಿದ್ದಳು. ತುಟಿ ಕೆಂಪಗಿತ್ತು. "ಮೊಕದಾಗೆ ಕಳೆ ಐತೆ, ಮಲಗ್ಲಿ" ಎಂದು ನೀನು ನೊಣ ಓಡಿಸುತ್ತಾ ಕೂತಿದ್ದೆ. ಹೌದು ಅತ್ತೆ, ಅದೂ ಇದೇ ವಿಷ. ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದಳೋ, ಅಲ್ಲಿ ಮದ್ದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಅವಳು ಏನು ತಿಂದಳೆಂದು ತಿಳಿದಿದ್ದರೆ ನೀನು ಹೊತ್ತುಕೊಂಡು ಓಡುತ್ತಿದ್ದೆ. ನಿನಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಅವತ್ತು ಹೊಲದಿಂದ ಹಸಿ ಮರಗೆಣಸು ಕಿತ್ತವಳು ನಾನು. ಕಹಿ ಎಂದು ನಾನು ಉಗುಳಿದೆ. "ನಿನ್ನ ಕೈಲಾಗಲ್ಲ" ಎಂದು ನಾನು ರೇಗಿಸಿದ್ದಕ್ಕೆ ಅವಳು ಪೂರ್ತಿ ತಿಂದಳು. ಬೈಗುಳಕ್ಕೆ ಹೆದರಿ ನಾನು ಬಾಯಿ ಬಿಡಲಿಲ್ಲ. ಆಗ ನನಗೆ ಒಂಬತ್ತು ವರ್ಷ ಎಂಬುದು ನೆವ ಅಷ್ಟೇ. ಆಮೇಲೆ ನೀನು ಅವಳ ಬಾಚಣಿಗೆಯಲ್ಲೇ ನನ್ನ ತಲೆ ಬಾಚಿದೆ. ನಾನು ಬಾಚಿಸಿಕೊಂಡೆ.

ಶುಕ್ರವಾರ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ. ಒಂದೇ ಮಾತು ನಡೆಸಿಕೊಡು: ಇನ್ನೊಮ್ಮೆ ಕುರಿ ಬಿದ್ದರೆ ಕಿವಿ ಗೀರುತ್ತಾ ಕೂರಬೇಡ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೂ ನನ್ನನ್ನು ಕರೆ.

ನಿನ್ನ ಹಟ್ಟಿ ತಣ್ಣಗಿರಲಿ.

ಚಂದ್ರಿಕಾ