ಕಾಶಿ ಓದಿದ ಡ್ರ್ಯಾಗನ್ ಕಥೆ

ಜೂನ್ 9, ಸೋಮವಾರ. ಪಾಲಾರಿವಟ್ಟಂ
ಮೆಟ್ರೊದಲ್ಲಿ ಗಗನನೌಕೆ ಕಾದಂಬರಿ ಮುಗಿಸಿದೆ. ಮೂರು ಸ್ಟಾರ್. ಐಡಿಯಾ ಸೂಪರ್, ಮನುಷ್ಯರು ಮಾತ್ರ ರೊಬೊಟ್‌ಗಳಿಗಿಂತ ರೊಬೊಟ್. ಡ್ರ್ಯಾಗನ್ ಸರಣಿಯ ಮೂರನೇ ಭಾಗ ಬಂದಿದೆ! ಈ ಸಲ ಮೊದಲು ಓದುವ ಹಕ್ಕು ನನ್ನ ಗಂಡ ಕಾಶಿಗೆ. ನಿನ್ನೆ ಅವನ ಬ್ಯಾಗಿಗೆ ಹಾಕಿ ತಿರುವನಂತಪುರದ ಟ್ರೇನ್ ಹತ್ತಿಸಿದೆ. ಅವನು ಅಲ್ಲಿ ಉಳ್ಳೂರಿನ ಬ್ಯಾಂಕಲ್ಲಿ, ನಾನಿಲ್ಲಿ, ನಡುವೆ ಒಂದೇ ಪುಸ್ತಕ... ಹೆಣ್ಣು ನೋಡಲು ಬಂದಾಗ ನಾನು ಕೇಳಿದ್ದು ಒಂದೇ — “ಕಾದಂಬರಿ ಓದ್ತೀರಾ?” “ಹೂಂ” ಅಂದ. ಒಪ್ಪಿಬಿಟ್ಟೆ.

ಜೂನ್ 12
ಕಾಶಿ ಫೋನ್. “ರಾಣಿ ಡ್ರ್ಯಾಗನ್‌ಗ ಹೆಸರಿಡೂ ಅಧ್ಯಾಯ ಭಾಳ ಚಲೋ ಅದ.”
“ಹೇಳ್ಬೇಡ! ಸ್ಪಾಯ್ಲರ್!”
ಎಂಥ ಓದುಗ ಗಂಡ ಸಿಕ್ಕ ನನಗೆ!

ಜೂನ್ 14, ಎರಡನೇ ಶನಿವಾರ
ಬ್ಯಾಂಕ್ ರಜೆ. ಬಂದ, ಪುಸ್ತಕ ತಂದ. ತೆರೆದೆ. ನಾಲ್ಕು ಹಾಳೆಗಳ ಅಂಚು ಪ್ರೆಸ್‌ನಲ್ಲಿ ಕತ್ತರಿಸಿಯೇ ಇಲ್ಲ, ಒಂದಕ್ಕೊಂದು ಕೂಡಿಕೊಂಡಿವೆ. ಹೆಸರಿಡುವ ಅಧ್ಯಾಯ ಪೂರ್ತಿ ಅವುಗಳೊಳಗೆ.
“ಇದನ್ನ ಹೇಗೆ ಓದಿದೆ? ಎಕ್ಸ್‌ರೇ ಕಣ್ಣಾ?”
ಕುಕ್ಕರ್ ಕೂಗಿತು. ಆರಿಸಿ ಬಂದ.
“ಓದಿಲ್ಲ. ನೆಟ್‌ನ್ಯಾಗ ಸಾರಾಂಶ ನೋಡಿದೆ. ಬ್ಯಾಂಕಿನ ಸರ್ಕ್ಯುಲರ್ ಓದೂದು ಬ್ಯಾರೆ. ಈ ಇಂಗ್ಲಿಷ್ ಕಾದಂಬರಿ ಒಂದ್ ಪುಟಕ್ಕ ತಲಿ ನೋಯತದ.”
“ಹಿಂದಿನ ಎರಡು ಭಾಗ?”
“ನೀ ಹೇಳಿದ್ದನ್ನ ನಿನಗ ತಿರುಗಿ ಹೇಳಿದೆ.”
“ಹಾಗಾದ್ರೆ ಆವತ್ತಿನ ಹೂಂ?”
“ಇಲ್ಲಾ ಅಂದಿದ್ರ ನೀ ಒಪ್ತಿದ್ದೇನು?”
ಪುಸ್ತಕ ಫಟ್ಟನೆ ಮುಚ್ಚಿದೆ, ಅವನು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು.

ಜೂನ್ 18
ಹಾಳೆ ಬಿಡಿಸಿ ಮೂರನೇ ಭಾಗ ಮುಗಿಸಿದೆ. ಐದು ಸ್ಟಾರ್. ಕೊನೆಗೆ ಅತ್ತುಬಿಟ್ಟೆ. ಅವನಿಗೆ ಹೇಳೋಣವೆಂದು ಫೋನ್ ಎತ್ತಿದೆ, ಇಟ್ಟೆ. ನಾಲ್ಕು ದಿನವಾಯಿತು ಮಾತಾಡಿ.

ಜೂನ್ 19
ಅವನೇ ಫೋನ್ ಮಾಡಿದ. “ಡ್ರ್ಯಾಗನ್‌ಗ ಹೆಸರೇನ್ ಇಟ್ರು? ಸಾರಾಂಶದಾಗ ಇರಲಿಲ್ಲ.”
ಹೇಳಲಿಲ್ಲ. ಅಧ್ಯಾಯ ಒಂದರಿಂದ ಶುರು ಮಾಡಿದೆ, ಕನ್ನಡದಲ್ಲಿ. ಕೋಟೆಗೆ ಮುತ್ತಿಗೆ, ಏಳು ವರ್ಷ ಬಾಗಿಲು ಹಾಕಿಕೊಂಡು...
“ತಡಿ. ಏಳು ವರ್ಷ ಒಳಗ ಏನ್ ತಿಂದ್ರು?”
ಪುಟ ತಿರುವಿದೆ. ಎಲ್ಲೂ ಇಲ್ಲ. ಅಷ್ಟು ಅತ್ತವಳಿಗೆ ಇದು ಹೊಳೆದೇ ಇರಲಿಲ್ಲ!
“ಒಂದ್ ಸ್ಟಾರ್ ಕಟ್,” ಅಂದ. ನನ್ನದಲ್ಲದ ಅಭಿಪ್ರಾಯ. ಅವನದೇ. ಮೊದಲನೆಯದು.

ಜೂನ್ 20, ಸಂಜೆ 7
ನಾಲ್ಕು ಸ್ಟಾರ್ ಮಾಡಿದೆ. ಇವತ್ತು ಅಧ್ಯಾಯ ಎರಡು. ಬೇಗ ಊಟ ಮುಗಿಸಿ ಕಾಯ್ತಿದ್ದಾನಂತೆ. ಡ್ರ್ಯಾಗನ್‌ಗೆ ನೀರು ಎಲ್ಲಿಂದ ತರ್ತಾರೆ ಅಂತ ಮೊದಲೇ ಹುಡುಕಿಟ್ಟುಕೊಂಡೆ, ಕೇಳೇ ಕೇಳ್ತಾನೆ. ಇನ್ನು ಕೋಟೆಯ ಸೇತುವೆ ಕಟ್ಟಿದ್ದು ಯಾರು ಅಂತಾನೂ... ಫೋನ್ ಬಂತು —