ಅನುಮೋದಿಸಿದವರು: ನಾಗಪತಿ

ಶಿರಸಿ
೯ ಆಗಸ್ಟ್ ೨೦೨೪

ಪ್ರಿಯ ಮಕ್ಬೂಲ,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನೀನು ಹಾನಗಲ್ಲಿಗೆ ಹೋಗಿ ನಾಲ್ಕು ತಿಂಗಳಾಯಿತು, ನಾನು ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ಫೋನು ಮಾಡಬಹುದಿತ್ತು. ಮಾಡಿದರೆ ನೀನು ಎಂದಿನಂತೆ ಮಾತಾಡಿಬಿಡುತ್ತೀಯೆಂಬ ಹೆದರಿಕೆ.

ಊರಿನ ಮುಖ್ಯ ಸುದ್ದಿ: ನೀನು ರಿಪೇರಿ ಅಂಗಡಿ ಖಾಲಿ ಮಾಡಿದಂದಿನಿಂದ ನಮ್ಮ ಓಣಿಯ ಮಿಕ್ಸರುಗಳು ಒಂದೊಂದಾಗಿ ಮೌನಾಚರಣೆಗೆ ಕೂತಿವೆ. ನಮ್ಮನೆಯದು ಮೊನ್ನೆ ಚಟ್ನಿಯ ನಡುವೆಯೇ ನಿಂತಿತು. ನನ್ನಾಕೆ, ನಿನ್ನ ಅತ್ತಿಗೆ ಸುಬ್ಬಲಕ್ಷ್ಮಿ, ಜಾರನ್ನು ನನ್ನ ಮುಂದಿಟ್ಟು, ನೀವೇ ಅನುಮೋದಿಸಿದ್ದಲ್ಲವೆ, ನೀವೇ ಅರೆಯಿರಿ ಎಂದಳು. ಒರಳಿನ ಮುಂದೆ ಕೂತು ಅರೆದೆ.

ನಿನಗೆ ಗೊತ್ತಲ್ಲ, ಪೇಟೆ ಹಿತವರ್ಧಕ ಸಂಘದಲ್ಲಿ ನಾನು ಇಪ್ಪತ್ತೆರಡು ವರ್ಷದ ಖಾಯಂ ಅನುಮೋದಕ. ಯಾರು ಏನು ಸೂಚಿಸಿದರೂ ಕೈ ಎತ್ತುವವನು ನಾನೇ. ಎತ್ತಿದರೆ ಸಭೆ ಬೇಗ ಮುಗಿಯುತ್ತದೆ, ಉಪ್ಪಿಟ್ಟು ಬಿಸಿಯಿರುತ್ತದೆ. ಸತ್ತವರಿಗೆ ಸಂತಾಪ, ಬದುಕಿದವರಿಗೆ ಶಾಲು, ಚರಂಡಿಗೆ ಮುಚ್ಚಳ, ಎಲ್ಲಕ್ಕೂ ಇದೇ ಬಲಗೈ. ನೀನು ಹೋಗುವ ಮುಂಚಿನ ಸಭೆಯ ಹನ್ನೊಂದನೇ ಠರಾವು, ಸಂಘದ ಮಳಿಗೆಗಳನ್ನು ಇನ್ನು ಮುಂದೆ ‘ನಮ್ಮವರಿಗೆ’ ಮಾತ್ರ ಕೊಡತಕ್ಕದ್ದು ಎಂದಿತ್ತು. ಆ ಮಳಿಗೆಗಳ ಸಾಲಿನಲ್ಲಿ ನಮ್ಮವನಲ್ಲದವನು ನೀನೊಬ್ಬನೇ. ಅಧ್ಯಕ್ಷ ಅಂದಾನಪ್ಪ, “ಭಟ್ರ, ಕೈ ಎತ್ರಿ, ಉಪ್ಪಿಟ್ಟು ಆರತೈತಿ” ಎಂದ. ನನಗೋ ನಿದ್ದೆಗಣ್ಣು. ಕೈ ತಾನೇ ಎದ್ದಿತು. ಹೀಗೆಂದು ಊರಿಗೆಲ್ಲ ಹೇಳಿದ್ದೇನೆ, ಊರು ನಕ್ಕಿದೆ.

ನಗದವಳು ಮೊಮ್ಮಗಳು ಅಭಿಜ್ಞಾ. ಅವಳಿಗೆ ಈಗ ಜರ್ಮನಿಯ ಪಾಠ, ಒಂದು ಜನಾಂಗವನ್ನೇ ರೈಲಿಗೆ ತುಂಬಿ ಕೊಂದದ್ದು. ಮೊದಲು ಅವರ ಅಂಗಡಿಗಳನ್ನು ಬಹಿಷ್ಕರಿಸಿದರು ಎಂದು ಅವಳು ಗಟ್ಟಿಯಾಗಿ ಓದುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ.

“ಅಜ್ಜ, ಅವರ ಆಚೆಮನೆಯವ್ವು ಎಂತ ಮಾಡ್ತಾ ಇದ್ದಿದ್ದ?”

ಅವರೆಲ್ಲ ಕೆಟ್ಟವರು ಎಂದೆ.

“ಅಷ್ಟೂ ಜನವಾ? ಒಬ್ಬಂಗೂ ಮಕ್ಬೂಲಜ್ಜನಂಥ ದೋಸ್ತ ಇದ್ದಿದ್ನಿಲ್ಯ?”

ಅಲ್ಲಿಯೂ ಸಭೆಯ ಕೊನೆಗೆ ಏನೋ ತಿಂಡಿ ಇದ್ದಿರಬೇಕು.

ಬರುವ ಭಾನುವಾರ ಸಂಘದ ಸಭೆ. ಹನ್ನೊಂದನೇ ಠರಾವನ್ನು ರದ್ದು ಮಾಡಬೇಕೆಂದು ಬರೆದುಕೊಟ್ಟಿದ್ದೇನೆ. ಜೀವಮಾನದಲ್ಲಿ ಮೊದಲ ಸಲ ಸೂಚಕನಾಗಿದ್ದೇನೆ, ಒಬ್ಬ ಅನುಮೋದಕ ಬೇಕು. ಏಳು ಮನೆಗೆ ಹೋಗಿಬಂದೆ. ಏಳೂ ಕಡೆ ಚಹಾ ಕೊಟ್ಟರು.

ಠರಾವು ರದ್ದಾದರೆ ಮರಳಿ ಬರುತ್ತೀಯಾ? ಆಗದಿದ್ದರೂ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ನಿನ್ನ ಮೊಮ್ಮಕ್ಕಳಿಗೆ ಈ ಅಜ್ಜನ ಆಶೀರ್ವಾದ. ನಿನ್ನ ಕಣ್ಣು, ಕೈ ಚೆನ್ನಾಗಿರಲಿ.

ನಿನ್ನ ಶಾಲೆಯ ಹಳೇ ಬೆಂಚಿನ
ನಾಗಪತಿ

ತಾ.ಕ.: ನಿದ್ದೆಗಣ್ಣು ಎಂದೆನಲ್ಲ, ಅದು ಸುಳ್ಳು. ಠರಾವು ಪೂರ್ತಿ ಕೇಳಿಸಿತ್ತು. ಯಾರಾದರೂ ಬೇಡವೆನ್ನಲಿ ಎಂದು ಸುತ್ತ ನೋಡಿದೆ. ನಾನು ನಿನ್ನ ದೋಸ್ತನೆಂಬುದು ಎಲ್ಲರಿಗೂ ಗೊತ್ತು. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೈ ಎತ್ತಿದೆ.